ಅಮೃತಮತಿಯ ಮಾತು: ಯಾರ ತೀರ್ಪು?

ಕನ್ನಡದ ಹಳೆಯ ಕಾವ್ಯಗಳಲ್ಲಿ ಓದುಗನ ಮೈ ನಡುಗಿಸುವ ಕೃತಿಯನ್ನು ಹೆಸರಿಸಬೇಕಾದರೆ ಜನ್ನನ ‘ಯಶೋಧರ ಚರಿತೆ’ಯನ್ನೇ ಮೊದಲು ಹೇಳಬೇಕು. ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಈ ಕವಿಚಕ್ರವರ್ತಿಯು ವಾದಿರಾಜರ ಸಂಸ್ಕೃತ ಕೃತಿಯನ್ನು ಅನುಸರಿಸಿ 1209ರಲ್ಲಿ ಇದನ್ನು ರಚಿಸಿದನು. ನಾಲ್ಕು ಅವತಾರಗಳ ಈ ಕಿರುಗಾತ್ರದ ಕಾವ್ಯದಲ್ಲಿ ನರಬಲಿಗೆ ಅಣಿಯಾದ ಚಂಡಮಾರಿಯ ಗುಡಿಯಿದೆ, ಕತ್ತಿಯ ಏಟಿಗೆ ಕೂಗಿಕೊಂಡ ಹಿಟ್ಟಿನ ಹುಂಜವಿದೆ, ವಿಷವಿಕ್ಕಿದ ಊಟವಿದೆ. ಆದರೂ ಇವೆಲ್ಲಕ್ಕಿಂತ ಹೆಚ್ಚಾಗಿ ಓದುಗರನ್ನು ಕಾಡಿರುವುದು ರಾಣಿ ಅಮೃತಮತಿಯ ಒಂದು ಮಾತು.

ಇರುಳಿನಲ್ಲಿ ತೇಲಿಬಂದ ಹಾಡಿಗೆ ಮನಸೋತ ರಾಣಿಯು ಹಾಡಿದವನಾರೆಂದು ತಿಳಿದು ಬರಲು ದೂತಿಯನ್ನು ಕಳುಹುತ್ತಾಳೆ. ಅವನು ಅಷ್ಟಾವಂಕನೆಂಬ ಮಾವುತ. ಅವನ ಅಂಗಾಂಗಗಳ ವಿಕಾರವನ್ನು ದೂತಿ ಹೇಸುತ್ತಲೇ ಬಣ್ಣಿಸಿದಾಗ ರಾಣಿ ಹಿಂಜರಿಯುವುದಿಲ್ಲ. ಕಸ್ತೂರಿ ಕಪ್ಪೆಂದು, ಶ್ರೀಗಂಧ ಗಂಟುಗಂಟೆಂದು, ಕಾಮನ ಬಿಲ್ಲು ಬಾಗಿದೆಯೆಂದು ಯಾರಾದರೂ ಹಳಿಯುವರೇ ಎಂದು ಕೇಳುತ್ತಾಳೆ. ಒಲಿದವನ ಮೈಯಲ್ಲಿ ಕುಂದೇ ಚೆಲುವು ಎನ್ನುತ್ತಾಳೆ.

ಕೆಸರೆಯ ಮನೆಯೊಂದರಲ್ಲಾಗಲಿ, ಶ್ರವಣಬೆಳಗೊಳದ ಸಭೆಯಲ್ಲಾಗಲಿ, ಸ್ವಾಧ್ಯಾಯದಲ್ಲಿ ಈ ಭಾಗ ಬಂದಾಗ ಎರಡು ವ್ಯಾಖ್ಯಾನಗಳು ಸಿದ್ಧವಾಗಿರುತ್ತವೆ. ಹಿರಿಯರದು ಒಂದು: ‘ಹೆಣ್ಣಿನ ಸ್ವಭಾವವೇ ಹೀಗೆ’. ಹೊಸಬರದು ಇನ್ನೊಂದು: ‘ಇಲ್ಲಿ ಕವಿ ತನ್ನ ಧರ್ಮವನ್ನು ಮರೆತು ರಾಣಿಯ ಪಕ್ಷ ವಹಿಸಿದ್ದಾನೆ’. ಎರಡೂ ತಪ್ಪು, ಎರಡಕ್ಕೂ ಕಾರಣ ಒಂದೇ. ಪಾತ್ರದ ಮಾತನ್ನು ಕಥೆಯಿಂದ ಕಿತ್ತು ತೀರ್ಪನ್ನಾಗಿ ಮಾಡಿಕೊಳ್ಳುವ ಅವಸರವೇ ಆ ಕಾರಣ.

ಮೊದಲು ರಾಣಿಯ ಉಪಮೆಗಳನ್ನೇ ಪರಿಶೀಲಿಸಬೇಕು. ಕಪ್ಪಾದ ಕಸ್ತೂರಿಯಲ್ಲಿ ಪರಿಮಳವಿದೆ, ಗಂಟಾದ ಗಂಧದಲ್ಲಿ ತಂಪಿದೆ, ಬಾಗಿದ ಬಿಲ್ಲಿನಲ್ಲಿ ಶಕ್ತಿಯಿದೆ. ಮೂರರಲ್ಲಿಯೂ ರೂಪದ ಕುಂದನ್ನು ಮರೆಸುವ ಗುಣವಿದೆ. ಮಾವುತನಲ್ಲಿ ಇದ್ದುದೇನು? ಒಂದು ಇಂಪಾದ ಕಂಠ. ತಡವಾಗಿ ಬಂದಳೆಂಬ ಕಾರಣಕ್ಕೆ ಅವನು ಅವಳನ್ನು ಥಳಿಸುವುದನ್ನು ಜನ್ನನು ಮುಂದೆ ತೋರಿಸುತ್ತಾನೆ. ಉಪಮೆಗಳು ಸತ್ಯ, ಉಪಮೇಯ ಮಾತ್ರ ಅವುಗಳಿಗೆ ಒಪ್ಪುವುದಿಲ್ಲ. ಕವಿಯು ರಾಣಿಗೆ ಎದುರುತ್ತರವನ್ನು ಕೊಡಲಿಲ್ಲ. ಅವಳ ಮಾತೇ ಅವಳ ವಿರುದ್ಧ ಸಾಕ್ಷಿ ನುಡಿಯುವಂತೆ ಮಾಡಿದನು.

ಸಮಂತಭದ್ರಾಚಾರ್ಯರು ‘ರತ್ನಕರಂಡ ಶ್ರಾವಕಾಚಾರ’ದಲ್ಲಿ ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೂರನೆಯದಾಗಿ ನಿರ್ವಿಚಿಕಿತ್ಸೆಯನ್ನು ವಿವರಿಸಿದ್ದಾರೆ. ದೇಹವು ಸ್ವಭಾವತಃ ಅಶುಚಿ. ರತ್ನತ್ರಯದಿಂದ ಅದು ಪವಿತ್ರವಾಗುತ್ತದೆ. ಆದುದರಿಂದ ಹೇಸಿಗೆಯನ್ನು ಬಿಟ್ಟು ಗುಣದಲ್ಲಿ ಪ್ರೀತಿಯಿಡಬೇಕೆಂಬುದು ಅದರ ಸಾರ. ರಾಣಿಯು ಮೊದಲ ಭಾಗವನ್ನು ಮಾತ್ರ ಪಾಲಿಸಿದಳು: ಹೇಸಿಗೆಯನ್ನು ಬಿಟ್ಟಳು, ಗುಣವನ್ನು ಹುಡುಕಲಿಲ್ಲ. ಅವಳ ದೋಷವು ಕುರೂಪಿಯನ್ನು ಒಲಿದುದರಲ್ಲಿ ಇಲ್ಲ. ನಂಬಿದವನನ್ನು ವಂಚಿಸಿ, ಕೊನೆಗೆ ವಿಷವಿಕ್ಕಿದುದರಲ್ಲಿ ಇದೆ.

ಇಷ್ಟು ತಿಳಿದ ಮೇಲೆ ದೂತಿಯ ಮಾತಿಗೆ ಬರಬೇಕು. ಅದನ್ನು ಕೇಳಿ ಸಭೆ ನಗುತ್ತದೆ. ಮನುಷ್ಯನ ಅಂಗವೈಕಲ್ಯವನ್ನು ಒಂದೊಂದಾಗಿ ಎಣಿಸಿದಾಗ ನಗುವವರು ರಾಣಿಗಿಂತ ತಾವು ಶುದ್ಧರೆಂದು ಹೇಗೆ ಭಾವಿಸುತ್ತಾರೆ? ಅಮೃತಮತಿಯನ್ನು ಹಳಿದು ಮನೆಗೆ ಮರಳಿದ ಸಂಜೆಯೇ, ಹುಡುಗಿ ಕಪ್ಪೆಂಬ ಒಂದೇ ಕಾರಣಕ್ಕೆ ಸಂಬಂಧವನ್ನು ಬೇಡವೆನ್ನುವ ಮನೆಗಳಿಲ್ಲವೇ? ಅಂಥವರು ಕಸ್ತೂರಿಯ ಉಪಮೆಯನ್ನು ರಾಣಿಯಿಂದಲಾದರೂ ಕಲಿಯಬಹುದಿತ್ತು. ‘ಪೂರ್ವಕರ್ಮದ ಫಲ’ ಎಂದು ಅಂಗವಿಕಲನ ಕಡೆಗೆ ಬೆರಳು ತೋರುವವರಿಗೂ ಈ ಮಾತು ಸಲ್ಲುತ್ತದೆ. ಕರ್ಮಸಿದ್ಧಾಂತವಿರುವುದು ತನ್ನನ್ನು ತಾನು ತಿದ್ದಿಕೊಳ್ಳಲು. ನೆರೆಯವನನ್ನು ಅಳೆಯಲು ಅಲ್ಲ.

‘ಹೆಣ್ಣಿನ ಸ್ವಭಾವ’ ಎನ್ನುವವರು ಮರೆಯುವ ಸಂಗತಿ ಇನ್ನೊಂದಿದೆ. ಕಾವ್ಯದಲ್ಲಿ ಭವಭವಗಳ ತಿರುಗಾಟ ವಿಸ್ತಾರವಾಗಿ ಬರುವುದು ರಾಣಿಗಲ್ಲ, ಅರಸ ಯಶೋಧರನಿಗೆ ಮತ್ತು ಅವನ ತಾಯಿ ಚಂದ್ರಮತಿಗೆ. ಜೀವವಿಲ್ಲದ ಹಿಟ್ಟಿನ ಹುಂಜವನ್ನು ಕೊಲ್ಲುವ ಸಂಕಲ್ಪದಿಂದ ಕಡಿದುದಕ್ಕಾಗಿ ಅವರು ನವಿಲು ನಾಯಿಗಳಾಗಿ, ಇನ್ನೂ ಅನೇಕ ಪ್ರಾಣಿಗಳಾಗಿ ಹುಟ್ಟಿ ನೊಂದರು. ಹೆಣ್ಣಿನ ನಿಂದೆಯೇ ಕವಿಯ ಗುರಿಯಾಗಿದ್ದರೆ ಕಥೆಯು ರಾಣಿಯ ಪತನದಲ್ಲಿಯೇ ಮುಗಿಯಬಹುದಿತ್ತು. ಅದು ಮುಗಿಯುವುದು ಮಾರಿದತ್ತನು ಬಲಿಯನ್ನು ತ್ಯಜಿಸಿದಾಗ.

ಈ ಕಥೆಯನ್ನು ಹೇಳುತ್ತಿರುವವನಾದರೂ ಯಾರು? ಬಲಿಗಾಗಿ ಹಿಡಿದು ತಂದ ಬಾಲಕ ಅಭಯರುಚಿ. ಹಿಂದಿನ ಭವದಲ್ಲಿ ಅವನೇ ವಂಚಿತನಾದ ಯಶೋಧರ. ತನಗೆ ವಿಷವಿತ್ತವಳ ಬಾಯಲ್ಲಿ ಕಾವ್ಯದ ಅತಿ ಸೊಗಸಾದ ಮಾತನ್ನು ಅವನು ಹಾಗೆಯೇ ಉಳಿಸಿ ಹೇಳುತ್ತಾನೆ; ಕತ್ತರಿಸುವುದಿಲ್ಲ, ಹಂಗಿಸುವುದಿಲ್ಲ. ತಲೆಯ ಮೇಲೆ ಖಡ್ಗವಿರುವಾಗಲೂ ಅವನ ಮಾತಿನಲ್ಲಿ ದ್ವೇಷವಿಲ್ಲ. ನೊಂದವನೇ ಬಿಟ್ಟುಕೊಟ್ಟ ದ್ವೇಷವನ್ನು ಎಂಟು ಶತಮಾನಗಳ ಅನಂತರ ಓದುಗರು ಎತ್ತಿಕೊಂಡು, ಅದನ್ನು ತಮ್ಮ ಮನೆಯ ಹೆಣ್ಣುಮಕ್ಕಳ ಮೇಲೆ ಹೊರಿಸುವುದು ಯಾವ ಶ್ರಾವಕಧರ್ಮ?