ಎರಡು ಅಂಕಿಗಳನ್ನು ಪಕ್ಕಪಕ್ಕ ಇಡೋಣ

ಅಷ್ಟೂರಿನಲ್ಲಿ ಅಭ್ಯಾಸ ಬೋಧನೆಯ ದಿನ, ಮಂಗನ ಕಾಯಿಲೆಗೆ ಲಸಿಕೆ ಇದೆ, ಎರಡು ಡೋಸ್ ಸಾಕು ಎಂದೆ. ‘ಹಾಕಿಸಿಕೊಂಡ್ರ ಖರೇನೇ ಬರಲ್ಲೇನ್ರಿ ಸರ್?’ ಎಂದು ಒಬ್ಬ ಹುಡುಗಿ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಸಂಜೆ ಹುಡುಕಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ರೋಗವದು. ಎರಡು ಡೋಸಿನಿಂದ ಶೇ. 93.5 ರಕ್ಷಣೆ ಎಂದು 1994ರ ವರದಿ ಹೇಳಿತ್ತು. 2005ರಿಂದ 2010ರವರೆಗಿನ ಮಾಹಿತಿ ತೂಗಿದ 2013ರ ಅಧ್ಯಯನ ಶೇ. 62.4 ಎಂದಿತು. 2022ರಲ್ಲಿ ಆ ಲಸಿಕೆ ನೀಡುವುದೇ ನಿಂತಿತು. ಒಂದೇ ವರದಿ ಓದಿದ್ದರೆ ನಾನು ತಪ್ಪನ್ನೇ ಬೋಧಿಸುತ್ತಿದ್ದೆ.

ವೈದ್ಯಕೀಯ ಪತ್ರಿಕೆಗೆ ಸಾಹಿತ್ಯ ವಿಮರ್ಶೆ ಬರೆಯುವವರು ಎಲ್ಲಿ ಹುಡುಕಿದೆವು, ಯಾವುದನ್ನು ಆಯ್ದೆವು, ಯಾವುದನ್ನು ಏಕೆ ಬಿಟ್ಟೆವು ಎಂದು ತಿಳಿಸಿ, ಪರಸ್ಪರ ಒಪ್ಪದ ಅಧ್ಯಯನಗಳನ್ನೂ ಎದುರಿಟ್ಟು ತೂಗಬೇಕು.

ನಮ್ಮ ಕ್ರಿಯಾ ಸಂಶೋಧನೆಯಲ್ಲೂ ‘ಸಂಬಂಧಿತ ಸಾಹಿತ್ಯದ ಅವಲೋಕನ’ವಿದೆ. ಅದನ್ನು ನಾನು ಸೀನಿಯರ್ ಒಬ್ಬರ ರೆಕಾರ್ಡಿನಿಂದ ನಕಲು ಮಾಡಿದ್ದೆ. ಇಪ್ಪತ್ತು ಹೆಸರುಗಳ ಪಟ್ಟಿ ಬೇಡ. ತಾನೇ ಓದಿದ ಎರಡು ಅಧ್ಯಯನಗಳ ಫಲಿತಾಂಶ ಏಕೆ ಬೇರೆಯಾಯಿತು ಎಂದು ವಿವರಿಸುವ ಒಂದು ಪುಟಕ್ಕೆ ಅಂಕ ಸಿಗಲಿ.

ಮರುದಿನ ಎರಡೂ ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಬರೆದೆ. ‘ಯಾವುದು ಖರೆ ಸರ್?’ ಎಂಬಲ್ಲಿಂದಲೇ ಪಾಠ ಶುರುವಾಯಿತು.