ಐ7 ಉಂಟು, ಇನ್ನೆಂತ ಬೇಕು?

ಕಾಲೇಜು ಶುರುವಾಗುವ ಹೊತ್ತಿಗೆ ಗಡಿನಾಡಿನ ಕಂಪ್ಯೂಟರ್ ಅಂಗಡಿಗಳಲ್ಲಿ ಕೇಳಿಬರುವ ಮಾತು ಇದು. "ಇದು ಐ7. ಇನ್ನೆಂತ ಬೇಕು ನಿಮಗೆ?" ಬದಿಯಡ್ಕದಿಂದಲೋ ಪೆರ್ಲದಿಂದಲೋ ಅಡಿಕೆ ಮಾರಿದ ಹಣ ಹಿಡಿದು ಬಂದ ತಂದೆಗೆ ಎದುರು ಮಾತಾಡಲು ತೋಚುವುದಿಲ್ಲ. ಐದಕ್ಕಿಂತ ಏಳು ದೊಡ್ಡದು ಎಂಬುದು ಎಲ್ಲರಿಗೂ ಗೊತ್ತಿರುವ ಲೆಕ್ಕ. ಆದರೆ ಪ್ರೊಸೆಸರ್ ಕಂಪೆನಿಗಳ ಲೆಕ್ಕ ಬೇರೆಯೇ ಉಂಟು.

ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ ಸಿಗುವ ಇಂಟೆಲ್ ಕಂಪೆನಿಯ ಎರಡು ಪ್ರೊಸೆಸರ್‌ಗಳನ್ನೇ ನೋಡಬಹುದು. ಒಂದು 2016ರಲ್ಲಿ ಲ್ಯಾಪ್‌ಟಾಪ್‌ಗೆಂದು ಬಂದ ಐ7-7500ಯು. ಇನ್ನೊಂದು 2017ರ ಆರಂಭದಲ್ಲಿ ಡೆಸ್ಕ್‌ಟಾಪ್‌ಗೆಂದು ಬಂದ ಐ5-7500. ಎರಡರಲ್ಲೂ 7500 ಎಂದೇ ಇದೆ. ಹೆಸರಿನ ಪ್ರಕಾರ ಲ್ಯಾಪ್‌ಟಾಪಿನದೇ ಮೇಲು. ಒಳಗೆ ನೋಡಿದರೆ ಲ್ಯಾಪ್‌ಟಾಪಿನ ಐ7ನಲ್ಲಿ ಇರುವುದು ಎರಡೇ ಕೋರ್, ಡೆಸ್ಕ್‌ಟಾಪಿನ ಐ5ನಲ್ಲಿ ನಾಲ್ಕು. ಮೊದಲನೆಯದರ ಮೂಲ ವೇಗ 2.7 ಗಿಗಾಹರ್ಟ್ಸ್, ಎರಡನೆಯದರದ್ದು 3.4. ಮೊದಲನೆಯದಕ್ಕೆ ನಿಗದಿಯಾದ ಶಾಖದ ಮಿತಿ 15 ವ್ಯಾಟ್, ಎರಡನೆಯದಕ್ಕೆ 65. ಹೆಸರಿನಲ್ಲಿ ಅಣ್ಣನಾದವನು ಕೆಲಸದಲ್ಲಿ ತಮ್ಮ.

ಎಲ್ಲದರ ಬುಡ ಇರುವುದು ಈ ವ್ಯಾಟಿನಲ್ಲಿ. ಪ್ರೊಸೆಸರ್ ವೇಗವಾಗಿ ಓಡಿದಷ್ಟೂ ಬಿಸಿಯಾಗುತ್ತದೆ. ಡೆಸ್ಕ್‌ಟಾಪಿನ ಪೆಟ್ಟಿಗೆಯೊಳಗೆ ದೊಡ್ಡ ಫ್ಯಾನ್, ದಪ್ಪ ಲೋಹದ ಹಲಗೆ, ಗಾಳಿಯಾಡಲು ಜಾಗ ಎಲ್ಲ ಇರುತ್ತದೆ. ಬೆರಳು ದಪ್ಪದ ಲ್ಯಾಪ್‌ಟಾಪಿನಲ್ಲಿ ಆ ಬಿಸಿ ಹೋಗುವುದಾದರೂ ಎಲ್ಲಿಗೆ? ಹಾಗಾಗಿ ಅದು ಸ್ವಲ್ಪ ಹೊತ್ತು ಜೋರಾಗಿ ಓಡಿ ಮತ್ತೆ ತಾನಾಗಿಯೇ ನಿಧಾನವಾಗುತ್ತದೆ. ಪತ್ರ ಟೈಪ್ ಮಾಡುವವರಿಗೆ, ಇಂಟರ್‌ನೆಟ್ ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ಮದುವೆ ವೀಡಿಯೊ ಎಡಿಟ್ ಮಾಡುವ ಸ್ಟುಡಿಯೊದವರಿಗೆ, ಎಂಜಿನಿಯರಿಂಗ್ ಡ್ರಾಯಿಂಗ್ ಮಾಡುವ ಹುಡುಗನಿಗೆ ಚೆನ್ನಾಗಿಯೇ ಗೊತ್ತಾಗುತ್ತದೆ. ಮಾರ್ಚ್-ಏಪ್ರಿಲ್‌ನ ನಮ್ಮ ಕರಾವಳಿ ಸೆಕೆಯಲ್ಲಂತೂ ಕೇಳುವುದೇ ಬೇಡ. ಅದನ್ನು ಹಾಸಿಗೆಯ ಮೇಲಿಟ್ಟು ಗಾಳಿಯ ಕಿಂಡಿ ಮುಚ್ಚುವವರೂ ಇದ್ದಾರೆ!

ಇದು ಇಂಟೆಲ್ ಒಂದರ ಕಥೆಯಲ್ಲ. ಎಎಮ್‌ಡಿ ಕಂಪೆನಿಯ ರೈಜೆನ್ 5 7520ಯು ಎಂಬ ಲ್ಯಾಪ್‌ಟಾಪ್ ಪ್ರೊಸೆಸರ್ 2022ರಲ್ಲಿ ಬಂತು. ಅದರೊಳಗಿನ ಕೋರ್‌ಗಳು 2019ರಲ್ಲಿ ಬಂದ ಝೆನ್ 2 ವಿನ್ಯಾಸದವು, ಒಟ್ಟು ನಾಲ್ಕು. ಡೆಸ್ಕ್‌ಟಾಪಿನ ರೈಜೆನ್ 5 7600ರಲ್ಲಿ ಝೆನ್ 4 ವಿನ್ಯಾಸದ ಆರು ಕೋರ್‌ಗಳಿವೆ. ಎರಡಕ್ಕೂ ರೈಜೆನ್ 5 ಎಂದೇ ಹೆಸರು, ಎರಡೂ 7000ದ ಸರಣಿಯವೇ. ಸಾಮಾನ್ಯ ಗ್ರಾಹಕ ಇದನ್ನು ಹೇಗೆ ತಿಳಿಯಬೇಕು? ಫ್ರಿಜ್ಜಿನ ಮೇಲೆ ನಕ್ಷತ್ರದ ಚೀಟಿ ಅಂಟಿಸಿದಂತೆ ಲ್ಯಾಪ್‌ಟಾಪಿನ ಮೇಲೂ ಕೋರ್ ಎಷ್ಟು, ವ್ಯಾಟ್ ಎಷ್ಟು, ವಿನ್ಯಾಸ ಯಾವ ವರ್ಷದ್ದು ಎಂದು ದೊಡ್ಡ ಅಕ್ಷರದಲ್ಲಿ ಬರೆಯಬೇಕು. ಸಂಬಂಧಪಟ್ಟವರು ಇದನ್ನು ಕಡ್ಡಾಯ ಮಾಡದಿದ್ದರೆ ಕಂಪೆನಿಗಳು ತಾವಾಗಿ ಮಾಡುವವರಲ್ಲ.

ಹಾಗೆಂದು ಲ್ಯಾಪ್‌ಟಾಪೇ ಬೇಡ ಎಂದರೆ ತಪ್ಪಾಗುತ್ತದೆ. ಮಂಗಳೂರಿನ ಹಾಸ್ಟೆಲಿನಲ್ಲಿ ಕಲಿಯುವ ಮಗಳು ಡೆಸ್ಕ್‌ಟಾಪ್ ಹೊತ್ತುಕೊಂಡು ಓಡಾಡಲು ಆಗುವುದಿಲ್ಲ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಕರೆಂಟು ಬರುವುದು ಯಾವಾಗಲೋ, ಆಗ ಬ್ಯಾಟರಿಯೇ ಗತಿ. ಹೊಸ ಲ್ಯಾಪ್‌ಟಾಪ್‌ಗಳು ತುಂಬಾ ಮುಂದೆ ಬಂದಿರುವುದೂ ನಿಜ. 2020ರಲ್ಲಿ ಆಪಲ್ ಕಂಪೆನಿ ಎಮ್1 ಎಂಬ ಒಂದೇ ಚಿಪ್ಪನ್ನು ಫ್ಯಾನೇ ಇಲ್ಲದ ಮ್ಯಾಕ್‌ಬುಕ್ ಏರ್‌ಗೂ ಮೇಜಿನ ಮೇಲಿಡುವ ಮ್ಯಾಕ್ ಮಿನಿಗೂ ಹಾಕಿತು. ಸಣ್ಣ ಕೆಲಸಗಳಲ್ಲಿ ಎರಡೂ ಸಮ ಸಮ. ದೀರ್ಘ ಕೆಲಸಕ್ಕೆ ಮಾತ್ರ ಫ್ಯಾನ್ ಇದ್ದದ್ದೇ ಮುಂದೆ. ಅಲ್ಲೂ ಬಿಸಿಯದ್ದೇ ಕಾರುಬಾರು.

ಆದರೆ ಮನೆಯ ಒಂದೇ ಮೂಲೆಯಲ್ಲಿ ಇಡುವುದಾದರೆ, ಮೂರು ಮಕ್ಕಳು ಸರದಿಯಲ್ಲಿ ಉಪಯೋಗಿಸುವುದಾದರೆ, ಡಿಟಿಪಿ ಅಂಗಡಿ ನಡೆಸುವುದಾದರೆ ಅದೇ ಹಣಕ್ಕೆ ಡೆಸ್ಕ್‌ಟಾಪ್ ಹೆಚ್ಚು ಬಾಳುತ್ತದೆ. ಐ5-7500 ಕೂತ ಬೋರ್ಡಿನಿಂದ ಅದನ್ನು ಕಿತ್ತು ನಾಲ್ಕು ಕೋರ್, ಎಂಟು ಥ್ರೆಡ್‌ಗಳ ಐ7-7700 ಕೂರಿಸಬಹುದು. ಲ್ಯಾಪ್‌ಟಾಪಿನ ಐ7-7500ಯು ಬೋರ್ಡಿಗೆ ಬೆಸೆದದ್ದು, ಬದಲಿಸುವ ಮಾತೇ ಇಲ್ಲ.

ಹಳತು ಕೊಳ್ಳುವವರಿಗೆ ಇನ್ನೊಂದು ಪೆಟ್ಟೂ ಇದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಒಪ್ಪಿದ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ಮೇಲೆ ಹೇಳಿದ ಇಂಟೆಲಿನ ಮೂರಕ್ಕೂ ಜಾಗವಿಲ್ಲ. ಲಿನಕ್ಸ್ ಹಾಕಿಕೊಂಡರೆ ಅವು ಇನ್ನೂ ಓಡುತ್ತವೆ. ಕೇರಳದ ಶಾಲೆಗಳಲ್ಲಿ ಕಲಿತ ನಮ್ಮ ಮಕ್ಕಳಿಗೆ ಲಿನಕ್ಸ್ ಹೊಸತೇನೂ ಅಲ್ಲ. ಆದರೆ ಅಂಗಡಿಯವರು ಈ ವಿಷಯ ಮೊದಲೇ ಹೇಳಬೇಕಲ್ಲ?

ಹಣ ಕೊಡುವ ಮುನ್ನ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿದರೆ ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಪ್ರೊಸೆಸರಿನ ಪೂರ್ತಿ ಹೆಸರು, ಕೋರ್‌ಗಳ ಸಂಖ್ಯೆ, ಆ ಕ್ಷಣದ ವೇಗ ಎಲ್ಲ ಕಾಣುತ್ತದೆ. ಇಂಟೆಲ್, ಎಎಮ್‌ಡಿ ಹೆಸರುಗಳ ಕೊನೆಯಲ್ಲಿ ಯು ಇದ್ದರೆ ಕಡಿಮೆ ವ್ಯಾಟಿನದ್ದು, ಎಚ್ ಇದ್ದರೆ ಹೆಚ್ಚಿನದ್ದು. ಭಾರವಾದ ಏನಾದರೂ ಕೆಲಸ ಕೊಟ್ಟು ಹತ್ತು ನಿಮಿಷ ಓಡಿಸಿದರೆ ಆ ವೇಗ ಎಲ್ಲಿಗೆ ಇಳಿಯುತ್ತದೆಂದು ಕಣ್ಣೆದುರೇ ನೋಡಬಹುದು. ಅಷ್ಟು ಹೊತ್ತು ಕಾಯಲು ಬಿಡದ ಅಂಗಡಿಯಾದರೆ ಪಕ್ಕದಲ್ಲೇ ಇನ್ನೊಂದು ಉಂಟು.