ಯಾರ ದಣಿವಿನ ಮೇಲೆ ನಮ್ಮ ಭಾನುವಾರ?

ಉತ್ತರ ಕರ್ನಾಟಕದ ಹಳೆಯ ಒಕ್ಕಲುತನದ ಮನೆಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಏರಿಸುವುದಿಲ್ಲ. ಅಂದು ಬಸವಣ್ಣನ ವಾರ. ಭೂಮಿ ಹದಕ್ಕೆ ಬಂದಿರಲಿ, ಮೋಡ ಕಟ್ಟಿರಲಿ, ಪಕ್ಕದ ಹೊಲದವನು ಟ್ರ್ಯಾಕ್ಟರ್ ಹೊಡೆಸಿ ಬಿತ್ತನೆ ಮುಗಿಸಿರಲಿ, ಅಂದು ಎತ್ತಿನ ಹಗ್ಗ ಬಿಚ್ಚುವುದು ಮೈತೊಳೆಯುವುದಕ್ಕೆ ಮಾತ್ರ. ಕಾರಹುಣ್ಣಿಮೆ ಬಂತೆಂದರೆ ಕೋಡಿಗೆ ಬಣ್ಣ, ಬೆನ್ನಿಗೆ ಜೂಲ, ಸಂಜೆಗೆ ಕರಿ ಹರಿಯುವ ಗದ್ದಲ. ಇದನ್ನೆಲ್ಲ ಯಾವ ಕಾಯ್ದೆಯೂ ಹೇಳಿಕೊಟ್ಟಿರಲಿಲ್ಲ. ದುಡಿಸಿಕೊಂಡ ಜೀವಕ್ಕೆ ವಾರಕ್ಕೊಮ್ಮೆಯಾದರೂ ನೊಗ ಇಳಿಸದಿದ್ದರೆ ಪಾಪ ಸುತ್ತಿಕೊಳ್ಳುತ್ತದೆ ಎಂಬ ಅಂಜಿಕೆಯೇ ಸಾಕಾಗಿತ್ತು.

ಮನುಷ್ಯರ ವಿಷಯದಲ್ಲಿ ಆ ಅಂಜಿಕೆ ನಮ್ಮನ್ನು ಬಿಟ್ಟುಹೋಗಿದೆ.

2023ರ ಅಕ್ಟೋಬರ್‌ನಲ್ಲಿ ಇನ್ಫೊಸಿಸ್‌ನ ನಾರಾಯಣಮೂರ್ತಿಯವರು ದೇಶದ ಯುವಕರು ವಾರಕ್ಕೆ 70 ತಾಸು ದುಡಿಯಬೇಕು ಎಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರ ಬಾಯಲ್ಲಿ ಅದು 90ಕ್ಕೆ ಏರಿತು. ಮನೆಯಲ್ಲಿ ಕೂತು ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡುತ್ತೀರಿ ಎಂಬರ್ಥದ ಮಾತೂ ಜೊತೆಗಿತ್ತು. ಏಳು ದಿನವೂ ಬಿಡದೆ ದುಡಿದರೂ 90 ಎಂದರೆ ದಿನಕ್ಕೆ ಸುಮಾರು 13 ತಾಸು. ನಾವು ಮೀಮ್ ಹಂಚಿಕೊಂಡು ನಕ್ಕೆವು. ಅಷ್ಟರಲ್ಲಿ ಕಾಗದಗಳು ಬೇರೆ ಕಡೆ ಸರಿದಾಡುತ್ತಿದ್ದವು. 2023ರಲ್ಲೇ ಕರ್ನಾಟಕದ ಕಾರ್ಖಾನೆ ಕಾಯ್ದೆಯ ತಿದ್ದುಪಡಿ, ವಾರಕ್ಕೆ 48 ಮೀರಬಾರದೆಂಬ ಷರತ್ತಿನ ಮೇಲೆ, ದಿನಕ್ಕೆ 12 ತಾಸಿನ ದುಡಿಮೆಗೆ ದಾರಿ ಮಾಡಿಕೊಟ್ಟಿತ್ತು. 2024ರ ಜುಲೈನಲ್ಲಿ ಐಟಿ ಕಂಪನಿಗಳಿಗೆ ದಿನಕ್ಕೆ 14 ತಾಸಿನ ಪ್ರಸ್ತಾಪ ಬಂತು, ನೌಕರರ ಸಂಘ ಪ್ರತಿಭಟಿಸಿತು. 2025ರ ಜೂನ್‌ನಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ ಮತ್ತೊಂದು ಪ್ರಸ್ತಾಪ: ದಿನಕ್ಕೆ 10, ಓವರ್‌ಟೈಮ್ ಸೇರಿ 12. ಮೊದಲಿನ ತಿದ್ದುಪಡಿಯ ಕಾಲಕ್ಕೆ ಒಂದು ಪಕ್ಷದ ಸರ್ಕಾರ, ಆಮೇಲಿನ ಪ್ರಸ್ತಾಪಗಳ ಕಾಲಕ್ಕೆ ಇನ್ನೊಂದು ಪಕ್ಷದ್ದು. ತಾಸಿನ ಲೆಕ್ಕಕ್ಕೆ ಬಂದಾಗ ಇಬ್ಬರ ಕಿವಿಯೂ ಒಂದೇ ಕಡೆಗೆ.

ಇದು ಸೋಮಾರಿಗಳ ಗೊಣಗಾಟ ಅನ್ನುವವರಿಗೆ ಒಂದು ಲೆಕ್ಕ ಕೊಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಸೇರಿ 2021ರಲ್ಲಿ ಪ್ರಕಟಿಸಿದ ಅಂದಾಜು ಇದು: ವಾರಕ್ಕೆ 55 ತಾಸು ಮತ್ತು ಅದಕ್ಕಿಂತ ಹೆಚ್ಚು ದುಡಿದ ಕಾರಣಕ್ಕೆ, ಪಾರ್ಶ್ವವಾಯು ಮತ್ತು ಹೃದ್ರೋಗದಿಂದ 2016ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸತ್ತವರು 7,45,000 ಮಂದಿ. ವಾರಕ್ಕೆ 35ರಿಂದ 40 ತಾಸು ದುಡಿಯುವವರಿಗೆ ಹೋಲಿಸಿದರೆ ಇಂಥವರಿಗೆ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚು. 2024ರ ಜುಲೈನಲ್ಲಿ ಪುಣೆಯಲ್ಲಿ 26 ವರ್ಷದ ಲೆಕ್ಕಪರಿಶೋಧಕಿಯೊಬ್ಬಳು ತೀರಿಕೊಂಡಳು. ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತಷ್ಟೇ. ಮಗಳನ್ನು ಕೆಲಸದ ಹೊರೆ ತಿಂದುಹಾಕಿತೆಂದು ಅವಳ ತಾಯಿ ಕಂಪನಿಯ ಮುಖ್ಯಸ್ಥರಿಗೆ ಬರೆದ ಪತ್ರವನ್ನು ದೇಶವೇ ಓದಿತು. ಒಂದು ವಾರ ಚರ್ಚೆಯಾಯಿತು. ಆಮೇಲೆ ನಾವೆಲ್ಲ ಲ್ಯಾಪ್‌ಟಾಪ್ ತೆರೆದೆವು.

ಹೀಗೆ ದುಡಿಸುವವರು ನಮ್ಮ ನಾಡಿನಲ್ಲಿ ಬಸವಣ್ಣನವರ ಹೆಸರು ಹೇಳುತ್ತಾರೆ. ಕಾಯಕದ ನಾಡು ಇದು, ದುಡಿಮೆಯೇ ಪೂಜೆ ಎಂದು ಕಚೇರಿಯ ಗೋಡೆಗೆ ಚೌಕಟ್ಟು ಹಾಕಿ ತೂಗುಹಾಕುತ್ತಾರೆ. ಆದರೆ ಆ ಗೋಡೆಯ ಮೇಲೆ ಆಯ್ದಕ್ಕಿ ಲಕ್ಕಮ್ಮ ಮಾತ್ರ ಕಾಣುವುದಿಲ್ಲ. ಯಾಕೆ ಕಾಣುವುದಿಲ್ಲವೆಂದು ಅವಳ ಕಥೆ ಗೊತ್ತಿದ್ದವರಿಗೆ ಗೊತ್ತು. ಗಂಡ ಮಾರಯ್ಯನದು ಕಲ್ಯಾಣದಲ್ಲಿ, ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕ. ಒಂದು ದಿನ ಶರಣರ ಮಾತುಕತೆಯಲ್ಲಿ ಮೈಮರೆತು ಕೂತುಬಿಟ್ಟ. ಹೊತ್ತಾಯಿತು, ಕಾಯಕಕ್ಕೆ ಹೋಗು ಎಂದು ಎಬ್ಬಿಸಿ ಕಳಿಸಿದವಳು ಲಕ್ಕಮ್ಮ. ಅವಸರದಲ್ಲಿ ಹೋದವನು ಅಂದು ದಿನದ ಅಳತೆಗಿಂತ ಹೆಚ್ಚು ಅಕ್ಕಿ ಬಾಚಿಕೊಂಡು ಬಂದ. ಇಷ್ಟೊಂದು ನಮಗೇಕೆ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ತಿರುಗಿ ಅಟ್ಟಿದವಳೂ ಅವಳೇ. ನಾಳೆಗೆ ಇರಲಿ ಎಂದು ಮಡಕೆಗೆ ಹಾಕಿಕೊಳ್ಳಲಿಲ್ಲ. ಗಂಡನ ಚುರುಕುತನಕ್ಕೆ ಬೆನ್ನು ತಟ್ಟಲೂ ಇಲ್ಲ.

ಕಾಯಕಕ್ಕೆ ಒಂದು ಅಳತೆಯಿತ್ತು. ಆ ಅಳತೆಯನ್ನು ಹಿಡಿದು ನಿಂತವಳು ಹೊಟ್ಟೆ ತುಂಬಿದ ಶ್ರೀಮಂತಳಲ್ಲ, ಆಯ್ದ ಅಕ್ಕಿಯಲ್ಲಿ ಅಂಬಲಿ ಕಾಯಿಸಿ ಜಂಗಮರಿಗೂ ಉಣಬಡಿಸುತ್ತಿದ್ದ ಬಡವಿ. ಟಾರ್ಗೆಟ್ ಮುಟ್ಟಿದ ದಿನವೇ ಮುಂದಿನ ಟಾರ್ಗೆಟ್ ಏರಿಸುವ ಮ್ಯಾನೇಜರಿಗೆ ಲಕ್ಕಮ್ಮನ ಎದುರು ನಿಲ್ಲುವ ಧೈರ್ಯ ಇದೆಯೇ? ಇನ್ನೊಂದನ್ನೂ ಯೋಚಿಸಿ. ಬಟ್ಟೆ ಒಗೆದು ಬಂದ ಮಾಚಯ್ಯ, ದೋಣಿ ದಡಕ್ಕೆ ಕಟ್ಟಿ ಬಂದ ಚೌಡಯ್ಯ, ನೂಲು ತೆಗೆದು ಬಂದ ರೆಮ್ಮವ್ವೆ ಇವರೆಲ್ಲ ದಿನಕ್ಕೆ 13 ತಾಸು ಕೆಲಸದಲ್ಲೇ ಮುಳುಗಿದ್ದರೆ ನಮಗೆ ವಚನಗಳು ಎಲ್ಲಿಂದ ಬರುತ್ತಿದ್ದವು? ಕೆಲಸ ಕೆಳಗಿಟ್ಟು, ಕೂತು, ಒಬ್ಬರಿಗೊಬ್ಬರು ಮಾತಾಡುವ ಹೊತ್ತು ಅವರಿಗಿತ್ತು. ಕೈಯ ದುಡಿಮೆಗೆ ಅರ್ಥ ಹುಡುಕಿದ್ದು ಆ ಹೊತ್ತಿನಲ್ಲಿ. ಬದುಕಿಗೆ ಅರ್ಥವೇ ಇಲ್ಲವಾಯಿತು ಎಂದು ಮೂವತ್ತು ದಾಟದ ಹುಡುಗರು ಇವತ್ತು ಹೇಳುತ್ತಿದ್ದಾರಲ್ಲ, ಅವರಿಂದ ನಾವು ಕಸಿದುಕೊಂಡದ್ದು ಆ ಹೊತ್ತನ್ನೇ.

ವಿಶ್ರಾಂತಿಯನ್ನು ಯಾರೂ ಕರೆದು ಕೊಟ್ಟದ್ದಲ್ಲ. ಭಾನುವಾರದ ರಜೆ ಬಿಳಿಯರು ಚರ್ಚಿಗೆ ಹೋಗುತ್ತಿದ್ದರೆಂದು ತಾನಾಗಿ ಬಂತು ಅಂದುಕೊಂಡವರು ನಮ್ಮಲ್ಲಿ ಬಹಳ. ಮುಂಬಯಿಯ ಗಿರಣಿ ಕಾರ್ಮಿಕರಿಗೆ ಅದು ಹಾಗೆ ದಕ್ಕಲಿಲ್ಲ. ಜೋತಿರಾವ್ ಫುಲೆಯವರ ಒಡನಾಡಿ ನಾರಾಯಣ ಮೇಘಾಜಿ ಲೋಖಂಡೆ 1884ರಲ್ಲಿ ಕಾರ್ಮಿಕರನ್ನು ಕೂಡಿಸಿ, 5,500 ಜನರ ಸಹಿ ಹಾಕಿಸಿ, ವಾರಕ್ಕೊಂದು ರಜೆ ಕೊಡಿ ಎಂದು ಮನವಿ ಕೊಟ್ಟರು. ಆರು ವರ್ಷ ಗಿರಣಿ ಮಾಲೀಕರು ಅಲ್ಲಾಡಲಿಲ್ಲ. 1890ರ ಏಪ್ರಿಲ್‌ನಲ್ಲಿ ಹತ್ತು ಸಾವಿರ ಕಾರ್ಮಿಕರು ಸಭೆ ಸೇರಿದರು. ಜೂನ್ 10ರಂದು ಮಾಲೀಕರು ಮಣಿದರು. ಮುಂದೆ, ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ಹೊತ್ತಿದ್ದ ಅಂಬೇಡ್ಕರ್ ಕಾಲದಲ್ಲಿ ವಾರದ ದುಡಿಮೆಯನ್ನು 48 ತಾಸಿಗೆ ಇಳಿಸುವ ಕೆಲಸ ನಡೆಯಿತು; 1948ರ ಕಾರ್ಖಾನೆ ಕಾಯ್ದೆ ಅದನ್ನೇ ಉಳಿಸಿಕೊಂಡಿತು. ಗಿರಣಿಯ ಹತ್ತಿಧೂಳು ಕುಡಿದು ಕೆಮ್ಮುತ್ತಿದ್ದವರು ಗೆದ್ದುಕೊಟ್ಟ ಹಕ್ಕನ್ನು ಎ.ಸಿ. ಕೋಣೆಯಲ್ಲಿ ಕೂತ ನಾವು, ಅಪ್ರೈಸಲ್‌ನ ಹೆದರಿಕೆಗೆ, ಒಂದೊಂದೇ ತಾಸು ಬಿಟ್ಟುಕೊಡುತ್ತಿದ್ದೇವೆ.

ಇಷ್ಟು ಹೇಳಿದರೆ ಮಧ್ಯಮವರ್ಗದ ಓದುಗರಿಗೆ ಹಿತವಾಗಬಹುದು. ತಪ್ಪೆಲ್ಲ ಕಂಪನಿಯದು, ಸರ್ಕಾರದ್ದು. ನಾವು ಪಾಪ, ದಣಿದವರು. ಅಲ್ಲಿಗೆ ಬಿಡುವ ಮನಸ್ಸು ನನಗಿಲ್ಲ.

ಶನಿವಾರ ಬೆಳಿಗ್ಗೆ ಬೆಂಗಳೂರಿನಿಂದ ಚಿಕ್ಕಮಗಳೂರು, ಸಕಲೇಶಪುರದ ಕಡೆ ಹೊರಡುವ ಕಾರುಗಳ ಸಾಲು ನೋಡಿ. ಎಲ್ಲರೂ ರೆಸ್ಟ್ ಹುಡುಕಿ ಹೊರಟವರು. ಹೋಮ್‌ಸ್ಟೇಯಲ್ಲಿ ಅವರಿಗೆ ಬಿಸಿಬಿಸಿ ಅಕ್ಕಿರೊಟ್ಟಿ ತಟ್ಟಿಕೊಡುವ ಹೆಂಗಸಿಗೆ ಭಾನುವಾರವೇ ವಾರದ ಅತಿ ಕಷ್ಟದ ದಿನ. ಮನೆಯಲ್ಲೇ ಉಳಿದವರು ಹಾಸಿಗೆಯಿಂದ ಏಳದೆ ಫೋನ್ ಒತ್ತುತ್ತಾರೆ. ಹತ್ತು ನಿಮಿಷದಲ್ಲಿ ಕೊತ್ತಂಬರಿ ಸೊಪ್ಪು ಬಾಗಿಲಿಗೆ ಬರಬೇಕು. ಬೈಕಿನ ಹುಡುಗ ಮಳೆಯಲ್ಲಿ ಜಾರಿ ಬಿದ್ದರೆ ಆ್ಯಪ್‌ನಲ್ಲಿ ನಮಗೆ ಕಾಣುವುದು ‘ವಿಳಂಬ’ ಎಂಬ ಒಂದು ಸಾಲು. ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆಂದು ಕರ್ನಾಟಕ 2025ರಲ್ಲಿ ಕಾನೂನನ್ನೇನೋ ತಂದಿತು, ಒಳ್ಳೆಯದು. ನಮ್ಮ ಅವಸರಕ್ಕೆ ಕಡಿವಾಣ ಹಾಕುವ ಕೆಲಸವನ್ನು ಮಾತ್ರ ಯಾವ ಕಾನೂನೂ ಮಾಡಲಾರದು.

ಇನ್ನು ಅಡುಗೆಮನೆ. ಸೋಮವಾರ ಎತ್ತಿಗೆ ನೊಗ ಹೂಡದ ಆ ಮನೆಯಲ್ಲೂ ಒಲೆಗೆ ರಜೆ ಇರಲಿಲ್ಲ, ಇದನ್ನು ನುಂಗಿಕೊಂಡು ಹಳ್ಳಿಯ ಸೊಗಸು ಹಾಡುವುದು ಬೇಡ. ಎತ್ತಿನ ಮೈತೊಳೆದ ದಿನವೂ ನಸುಕಿನಲ್ಲೇ ಎದ್ದು ರೊಟ್ಟಿ ಬಡಿದವಳು ಅವ್ವ. ಈಗಲೂ ಅಷ್ಟೇ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಅದಕ್ಕೆ ಕೊಡುವುದು ಸರಾಸರಿ 289 ನಿಮಿಷ. ಆ ಕೆಲಸಕ್ಕೆ ಕೈಹಾಕುವ ಗಂಡಸರು 88 ನಿಮಿಷ. ಕಚೇರಿಯಿಂದ ದಣಿದು ಬಂದೆ ಎಂದು ಸೋಫಾಕ್ಕೆ ಒರಗುವ ಅಣ್ಣಂದಿರೇ, ನಿಮ್ಮ ಜೊತೆಗೇ ದಣಿದು ಬಂದವಳು ಕುಕ್ಕರ್ ಇಡುತ್ತಿದ್ದಾಳೆ. ನಿಮ್ಮ ವರ್ಕ್-ಲೈಫ್ ಬ್ಯಾಲೆನ್ಸ್ ಭಾಷಣವನ್ನು ಮೊದಲು ಅವಳ ಮುಂದೆ ಮಾಡಿ ನೋಡಿ.

ಅವಳ ಹಿಂದೆ ಇನ್ನೊಬ್ಬಳಿದ್ದಾಳೆ: ಪಾತ್ರೆ ತೊಳೆಯಲು, ಕಸ ಗುಡಿಸಲು ಬರುವವಳು. ಮನೆಗೆಲಸಕ್ಕೂ ಕನಿಷ್ಠ ವೇತನ ಉಂಟೆಂದು 2004ರಲ್ಲೇ ಅಧಿಸೂಚನೆ ಹೊರಡಿಸಿದ ರಾಜ್ಯ ನಮ್ಮದು. ಮನೆಗೆಲಸದವರಿಗೆ ವಾರದಲ್ಲಿ ಕನಿಷ್ಠ 24 ತಾಸು ಎಡೆಬಿಡದ ವಿಶ್ರಾಂತಿ ಇರಬೇಕೆಂದು 2011ರ ಅಂತರರಾಷ್ಟ್ರೀಯ ಒಡಂಬಡಿಕೆ ಹೇಳುತ್ತದೆ. ಭಾರತ ಅದನ್ನು ಅನುಮೋದಿಸಿಲ್ಲ. ಸರ್ಕಾರ ಅನುಮೋದಿಸುವವರೆಗೆ ನಮ್ಮ ಮನೆ ಕಾಯಬೇಕಾಗಿಲ್ಲ. ನಮಗೆ ವಾರಕ್ಕೆರಡು ದಿನ ರಜೆ ಸಾಲದು. ಅವಳು ತಿಂಗಳಿಗೆ ಎರಡು ದಿನ ತಪ್ಪಿಸಿದರೆ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪಂಚಾಯಿತಿ ಸೇರುತ್ತದೆ. ಮಗುವಿಗೆ ಜ್ವರ ಅಂದರೆ ‘ಇವರದು ಯಾವಾಗಲೂ ಇದೇ ನೆಪ’ ಎಂದು ನಾವು ಆಡಿದ್ದು ಅವಳ ಕಿವಿಗೆ ಬಿದ್ದಿಲ್ಲ ಅಂದುಕೊಂಡಿದ್ದೇವೆ. 90 ತಾಸಿನ ಮಾತಾಡಿದ ಅಧ್ಯಕ್ಷರಿಗೂ ನಮಗೂ ಎಷ್ಟು ದೂರ?

ಆದ್ದರಿಂದ ಕೇಳುತ್ತಿದ್ದೇನೆ, ಬೇಡಿಕೊಳ್ಳುತ್ತಲೂ ಇದ್ದೇನೆ. ತಂಡ ನಡೆಸುವವರು ರಾತ್ರಿ ಎಂಟರ ಮೇಲೆ ಮೆಸೇಜ್ ಕಳಿಸುವ ಮುನ್ನ ಬೆರಳು ತಡೆಯಿರಿ. ‘ನಾಳೆ ನೋಡಿದರೆ ಸಾಕು’ ಎಂದು ಸೇರಿಸಿದರೂ ನಿಮ್ಮ ತಂಡದ ಹುಡುಗಿ ಇವತ್ತೇ ನೋಡುತ್ತಾಳೆ, ನಿಮಗೂ ಅದು ಗೊತ್ತು. ತಾಸು ಏರಿಸುವ ಪ್ರಸ್ತಾಪ ಮತ್ತೆ ಬಂದಾಗ ಸಂಘದವರು ಕೂಗಿಕೊಳ್ಳಲಿ ಎಂದು ಬಿಡದೆ ನೀವೂ ಆಕ್ಷೇಪಣೆ ಬರೆಯಿರಿ. ನಮ್ಮ ಶರ್ಟಿನ ಕಾಲರ್ ಹೊಲಿಯುವ ಪೀಣ್ಯದ ಗಾರ್ಮೆಂಟ್ಸ್ ಹೆಂಗಸಿಗೆ 12 ತಾಸಿನ ಪಾಳಿ ಎಂದರೆ, ಹೋಗಿಬರುವ ದಾರಿ ಕೂಡಿ ಮಕ್ಕಳು ಎಚ್ಚರವಿರುವ ಹೊತ್ತಿನಲ್ಲಿ ಮನೆಯಲ್ಲೇ ಇರದಿರುವುದು. ನಿಮ್ಮ ಆಕ್ಷೇಪಣೆಯಲ್ಲಿ ಅವಳ ಹೆಸರೂ ಇರಲಿ, ಐಟಿಯವರದು ಮಾತ್ರವಲ್ಲ. ಕೊತ್ತಂಬರಿ ಸೊಪ್ಪು ಬೇಕಾದರೆ ಬೀದಿ ಕೊನೆಯ ಗಾಡಿಯವರೆಗೆ ನಡೆಯಿರಿ. ಭಾನುವಾರದ ಅಡುಗೆ ಗಂಡಸರು ಮಾಡಲಿ, ಪಾತ್ರೆಯನ್ನೂ ಅವರೇ ತೊಳೆಯಲಿ; ಬಿರಿಯಾನಿ ಮಾಡಿ ಸಿಂಕ್ ತುಂಬಿಸಿ ಹೋಗುವುದನ್ನು ರಜೆ ಕೊಟ್ಟದ್ದೆಂದು ಎಣಿಸಬೇಡಿ.

ನಿಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕನನ್ನು ನಾಳೆ ಬೆಳಿಗ್ಗೆ ಬಾಗಿಲಲ್ಲೇ ಕೇಳಿ: ವಾರದಲ್ಲಿ ಯಾವ ದಿನ ಬರದಿದ್ದರೆ ನಿಮಗೆ ಅನುಕೂಲ? ದಿನವನ್ನು ಅವರೇ ಆರಿಸಲಿ. ಆ ದಿನದ ಸಂಬಳ ಮುರಿದುಕೊಳ್ಳಬೇಡಿ, ಮರುದಿನಕ್ಕೆಂದು ಪಾತ್ರೆ ರಾಶಿ ಹಾಕಿಡಬೇಡಿ, ‘ಒಂದೈದು ನಿಮಿಷ ಬಂದು ಹೋಗು’ ಎಂದು ಫೋನ್ ಮಾಡಬೇಡಿ.